ಅವರು ‘ಇಎಸ್‌ಟಿ’ ಅಂತ ಬರೆದ್ರೆ ನಾವು ಎಷ್ಟು ಗಂಟೆಗೆ ಕೂರ್ಬೇಕು?

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದಿಂದ ಬರೀತಿದೀನಿ. ನ್ಯೂಯಾರ್ಕ್‌ನ ಒಂದು ಕಂಪನಿಯ ರಿಮೋಟ್ ಕೆಲ್ಸಕ್ಕೆ ಇಂಟರ್‌ವ್ಯೂ ನಡೀತಿದೆ. ಮಾರ್ಚ್ 3, ಮಂಗಳವಾರ ಮೊದಲ ರೌಂಡ್, ಬೆಳಗ್ಗೆ 11 ಇಎಸ್‌ಟಿ ಅಂತ ಇತ್ತು, ನಮ್ಮ ರಾತ್ರಿ 9:30ಕ್ಕೆ ಕೂತೆ, ಚೆನ್ನಾಗೇ ಆಯ್ತು. ಎರಡನೇ ರೌಂಡ್ ಮಾರ್ಚ್ 10, ಮಂಗಳವಾರ, ಮತ್ತೆ ಅದೇ ‘11 ಇಎಸ್‌ಟಿ’ ಅಂತ ಮೇಲ್ ಬಂತು, ಲಿಂಕ್ ಇತ್ತು. 9:30ಕ್ಕೆ ಜಾಯಿನ್ ಆದೆ, ಯಾರೂ ಇಲ್ಲ. 20 ನಿಮಿಷ ಕಾದೆ. ಆಮೇಲೆ ಮೇಲ್ ತೆಗೆದು ನೋಡಿದ್ರೆ 8:45ಕ್ಕೇ ‘ಬರ್ತಿದೀರಾ’ ಅಂತ ಕೇಳಿದಾರೆ. ತಪ್ಪು ನಂದಾ? ಈಗ ಏನಂತ ಬರೀಲಿ? ಇದು ದಾಟಿದ್ರೆ 19ನೇ ತಾರೀಕು ಲಂಡನ್‌ನವರು, ಸ್ಯಾನ್ ಫ್ರಾನ್ಸಿಸ್ಕೋದವರು ಇಬ್ರೂ ಇರೋ ಪ್ಯಾನೆಲ್ ಅಂತ ಮೊದಲೇ ಹೇಳಿದ್ರು, ಅದಕ್ಕೆ ಟೈಮ್ ಹೇಗೆ ಲೆಕ್ಕ ಹಾಕೋದು? ಅವತ್ತು ಯುಗಾದಿ ಬೇರೆ.

ಉತ್ತರ: ಮೊದಲು ಮನಸ್ಸು ಹಗುರ ಮಾಡ್ಕೊಳ್ಳಿ, ನಿಮ್ಮ ಲೆಕ್ಕ ತಪ್ಪಿಲ್ಲ. ಮೇಲ್‌ನಲ್ಲಿ ಬರೆದಿದ್ದನ್ನ ಇದ್ದ ಹಾಗೇ ಓದಿದ್ರೆ 11 ಇಎಸ್‌ಟಿ ಅಂದ್ರೆ ನಮ್ಮ ರಾತ್ರಿ 9:30, ಅದು 3ನೇ ತಾರೀಕಿಗೂ ಸರಿ 10ನೇ ತಾರೀಕಿಗೂ ಸರಿ. ಆದ್ರೆ ಇಎಸ್‌ಟಿ ಅಂದ್ರೆ ಈಸ್ಟರ್ನ್ ಸ್ಟ್ಯಾಂಡರ್ಡ್ ಟೈಮ್, ನ್ಯೂಯಾರ್ಕ್ ಕಡೆಯವರ ಚಳಿಗಾಲದ ಟೈಮ್, 10ನೇ ತಾರೀಕು ಅಲ್ಲಿ ಅದು ನಡೀತಾನೇ ಇರ್ಲಿಲ್ಲ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಬೆಳಗಿನ ಜಾವ 2 ಗಂಟೆಗೆ ಗಡಿಯಾರನ ಸೀದಾ 3ಕ್ಕೆ ತಳ್ತಾರೆ, ನವೆಂಬರ್‌ನ ಮೊದಲನೇ ಭಾನುವಾರ ವಾಪಸ್ ತರ್ತಾರೆ, 2007ರಿಂದ ಇದೇ ನಿಯಮ. 2026ರಲ್ಲಿ ಆ ಭಾನುವಾರ ಮಾರ್ಚ್ 8ಕ್ಕೆ ಬಂತು, ನಿಮ್ಮ ಎರಡು ರೌಂಡ್‌ಗಳ ನಡುವೆ ಸರಿಯಾಗಿ. 8ರಿಂದ ಅವರದ್ದು ಇಡಿಟಿ, ಈಸ್ಟರ್ನ್ ಡೇಲೈಟ್ ಟೈಮ್ ಅನ್ನೋ ಬೇಸಿಗೆ ಟೈಮ್, ಅಂದ್ರೆ ನಮಗೂ ಅವರಿಗೂ ಹತ್ತೂವರೆ ಗಂಟೆ ಇದ್ದ ಅಂತರ ಒಂಬತ್ತೂವರೆ ಆಯ್ತು, ಅವರ 11 ಅನ್ನೋದು ನಮ್ಮ 8:30 ಆಯ್ತು. ಆ ಮೇಲ್ ಬರೆದವರು ಬೇಕಂತ ತಪ್ಪು ಬರೆದಿರಲ್ಲ, ಅಲ್ಲಿ ಎಷ್ಟೋ ಜನ ವರ್ಷ ಪೂರ್ತಿ ಬಾಯಿ ರೂಢಿಗೆ ಇಎಸ್‌ಟಿ ಅಂತಾನೇ ಅಂತಾರೆ, ‘ನಮ್ಮ ಊರಿನ ಟೈಮ್’ ಅನ್ನೋ ಅರ್ಥದಲ್ಲಿ. ನಾವಿಲ್ಲಿ ಅದನ್ನ ಲೆಕ್ಕದ ಪದ ಅಂತ ತಗೊಂಡು ಒಂದು ಗಂಟೆ ತಡವಾಗಿ ಹೋಗ್ತೀವಿ.

ನಾನು ಬೆಂಗಳೂರಲ್ಲಿ ಹನ್ನೆರಡು ವರ್ಷದಿಂದ ಇಂಟರ್‌ವ್ಯೂ ಶೆಡ್ಯೂಲ್ ಮಾಡೋ ಕೆಲ್ಸದಲ್ಲೇ ಇರೋದು, ಪ್ರತಿ ವರ್ಷ ಮಾರ್ಚ್ ಎರಡನೇ ವಾರ, ನವೆಂಬರ್ ಮೊದಲನೇ ವಾರ ಇಂಥ ಫೋನ್ ಬರುತ್ತೆ. ನಮ್ಮ ದೇಶದ ಗಡಿಯಾರ ಅಲ್ಲಾಡೋದೇ ಇಲ್ಲ ನೋಡಿ, 1906ರ ಜನವರಿ 1ರಿಂದ ಲಂಡನ್‌ನ ಗ್ರೀನಿಚ್ ಟೈಮ್‌ಗಿಂತ ಐದೂವರೆ ಗಂಟೆ ಮುಂದೆ ಅಂತ ಗೂಟ ಹೊಡೆದು ಕೂತಿದೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಒಂದು ಗಂಟೆ ಮುಂದಿಟ್ಟಿದ್ದು ಬಿಟ್ರೆ. ಹಂಗಾಗಿ ಬೇರೆಯವರ ಗಡಿಯಾರವೂ ನಿಂತಲ್ಲೇ ನಿಂತಿರುತ್ತೆ ಅಂತ ನಮ್ಮ ಮನಸ್ಸು ನಂಬಿರುತ್ತೆ. ಒಂದ್ಸಲ ‘ನ್ಯೂಯಾರ್ಕ್ ಅಂದ್ರೆ ಹತ್ತೂವರೆ’ ಅಂತ ಬಾಯಿಪಾಠ ಆದ್ರೆ ಮುಗೀತು. ಆ ದೇಶಗಳವರು ಈ ಗಡಿಯಾರ ತಿರುಗಿಸೋದನ್ನ ನಿಲ್ಲಿಸ್ತೀವಿ ಅಂತ ಮಾತಾಡ್ತಾನೇ ಇದಾರೆ, ಅಮೆರಿಕದ ಸೆನೆಟ್ 2022ರಲ್ಲಿ ಒಂದು ಮಸೂದೆ ಪಾಸ್ ಮಾಡ್ತು ಆದ್ರೆ ಅದು ಕೆಳಮನೆಯಲ್ಲಿ ಮುಂದಕ್ಕೇ ಹೋಗ್ಲಿಲ್ಲ, ಯುರೋಪಿಯನ್ ಪಾರ್ಲಿಮೆಂಟ್ 2019ರಲ್ಲೇ ನಿಲ್ಲಿಸೋದರ ಪರ ವೋಟ್ ಹಾಕಿತ್ತು, ಅದೂ ಜಾರಿಗೆ ಬರ್ಲಿಲ್ಲ. ಅಲ್ಲಿವರೆಗೂ ನಾವೇ ನೋಡ್ಕೋಬೇಕು.

ಈಗ ಮೇಲ್ ವಿಷಯ. ‘ನೀವು ತಪ್ಪು ಬರೆದಿದ್ರಿ’ ಅಂತ ಶುರು ಮಾಡ್ಬೇಡಿ, ಹಾಗಂತ ಇಡೀ ತಪ್ಪು ತಲೆ ಮೇಲೆ ಹೊತ್ಕೊಂಡು ಕೈ ಮುಗಿಯೋದೂ ಬೇಡ. ಆಗಿದ್ದು ಆದ ಹಾಗೇ ಬರೀರಿ. ‘ಮೇಲ್‌ನಲ್ಲಿ 11 ಇಎಸ್‌ಟಿ ಅಂತ ಇದ್ದಿದ್ರಿಂದ ನಾನು ಭಾರತದ ರಾತ್ರಿ 9:30ಕ್ಕೆ ಜಾಯಿನ್ ಆಗಿ 9:50ರ ತನಕ ಕಾದೆ, ನ್ಯೂಯಾರ್ಕ್ 8ನೇ ತಾರೀಕೇ ಡೇಲೈಟ್ ಟೈಮ್‌ಗೆ ಹೋಗಿದ್ದು ಆಮೇಲೆ ಗಮನಕ್ಕೆ ಬಂತು, ನಿಮ್ಮ ಸಮಯ ಹೋಗಿದ್ದಕ್ಕೆ ಬೇಜಾರಿದೆ, ಈ ಕೆಲಸದಲ್ಲಿ ನನಗೆ ಮೊದಲಿನಷ್ಟೇ ಆಸಕ್ತಿ ಇದೆ’ ಇಷ್ಟು ಸಾಕು, ಇದನ್ನೇ ನಿಮ್ಮ ಇಂಗ್ಲಿಷ್‌ನಲ್ಲಿ ಹಾಕಿ. ಇದರ ಕೆಳಗೆ ಮೂರು ಸ್ಲಾಟ್ ನೀವೇ ಕೊಡಿ, ಇದು ತುಂಬಾ ಮುಖ್ಯ. ಶುಕ್ರವಾರ ಮಾರ್ಚ್ 13 ನ್ಯೂಯಾರ್ಕ್ ಬೆಳಗ್ಗೆ 10 / ಶಿವಮೊಗ್ಗ ಸಂಜೆ 7:30, ಸೋಮವಾರ 16 ನ್ಯೂಯಾರ್ಕ್ 11 / ಶಿವಮೊಗ್ಗ 8:30, ಮಂಗಳವಾರ 17 ನ್ಯೂಯಾರ್ಕ್ 9:30 / ಶಿವಮೊಗ್ಗ 7, ಹೀಗೆ ವಾರ, ತಾರೀಕು, ಎರಡೂ ಊರಿನ ಹೆಸರು, ಎರಡೂ ಟೈಮ್. ಇದನ್ನ ಓದಿದ ರಿಕ್ರೂಟರ್‌ಗೆ ಎರಡು ವಿಷಯ ಗೊತ್ತಾಗುತ್ತೆ, ಒಂದು ನೀವು ನಿಜವಾಗ್ಲೂ ಬಂದಿದ್ರಿ ಅಂತ, ಇನ್ನೊಂದು ಮುಂದೆ ಇದೇ ಎಡವಟ್ಟು ನಿಮ್ಮಿಂದ ಆಗಲ್ಲ ಅಂತ. ನಾನು ಆ ಕುರ್ಚಿಯಲ್ಲಿ ಕೂತು ಇಂಥ ಮೇಲ್ ಓದಿದೀನಿ, ನಾವು ಆ ಕಡೆ ಮ್ಯಾನೇಜರ್‌ಗೆ ನಿಮ್ಮ ಪರವಾಗಿ ಮಾತಾಡೋಕೆ ಬೇಕಾಗೋದು ಇದೇ ನಾಲ್ಕು ಸಾಲು.

ತಾರೀಕು ಬರೆಯುವಾಗ ತಿಂಗಳ ಹೆಸರು ಬರೀರಿ, ಬರೀ ಅಂಕಿ ಬೇಡ. ಅಮೆರಿಕದವರು ತಿಂಗಳು ಮೊದಲು ಬರೀತಾರೆ, 03/04 ಅಂದ್ರೆ ಅವರಿಗೆ ಮಾರ್ಚ್ 4, ನಮಗೆ ಏಪ್ರಿಲ್ 3.

ಲೆಕ್ಕಕ್ಕೆ ನಾನು ಇಟ್ಕೊಂಡಿರೋ ಸುಲಭದ ದಾರಿ ಹೇಳ್ತೀನಿ. ಮಾರ್ಚ್‌ನಿಂದ ನವೆಂಬರ್ ತನಕ, ಅಂದ್ರೆ ಅವರ ಬೇಸಿಗೆ ಟೈಮಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕಡೆಯವರ ಟೈಮ್ ಇದ್ರೆ ಎಎಂ-ಪಿಎಂ ತಿರುಗಿಸಿ ಅರ್ಧ ಗಂಟೆ ಸೇರಿಸಿ, ಅವರ ಬೆಳಗ್ಗೆ 8 ನಮ್ಮ ರಾತ್ರಿ 8:30, ಅವರ ಸಂಜೆ 7 ನಮ್ಮ ಮರುದಿನ ಬೆಳಗ್ಗೆ 7:30. ಚಳಿಗಾಲದಲ್ಲಿ ಅರ್ಧದ ಬದಲು ಒಂದೂವರೆ ಸೇರಿಸಿ. ನ್ಯೂಯಾರ್ಕ್ ಆದ್ರೆ ತಿರುಗಿಸಿ ಬೇಸಿಗೆಯಲ್ಲಿ ಎರಡೂವರೆ ಕಳೀರಿ, ಚಳಿಗಾಲದಲ್ಲಿ ಒಂದೂವರೆ. ಲಂಡನ್‌ಗೆ ಚಳಿಗಾಲದಲ್ಲಿ ಮುಳ್ಳಿನ ವಾಚ್ ಇದ್ರೆ ಅದನ್ನ ತಲೆಕೆಳಗೆ ಮಾಡಿ ಹಿಡಿದ್ರೆ ಸಾಕು, ಹೆಚ್ಚುಕಮ್ಮಿ ಅಲ್ಲಿನ ಟೈಮೇ ಕಾಣುತ್ತೆ, ಐದೂವರೆ ಗಂಟೆ ಅಂತರದ ಗುಣ ಅದು. ಈ ಅರ್ಧ ಗಂಟೆ ಎಲ್ಲಿಂದ ಬಂತು ಅಂದ್ರೆ, ಭೂಮಿ 15 ಡಿಗ್ರಿ ತಿರುಗೋಕೆ ಒಂದು ಗಂಟೆ, ನಮ್ಮ ಟೈಮ್ ಉತ್ತರ ಪ್ರದೇಶದ ಮಿರ್ಜಾಪುರದ ಹತ್ರ ಹಾದುಹೋಗೋ 82.5 ಡಿಗ್ರಿ ರೇಖೆ ಮೇಲೆ ನಿಂತಿದೆ, ಭಾಗಿಸಿದ್ರೆ ಸರಿಯಾಗಿ ಐದೂವರೆ. ಪೂರ್ತಿ ಗಂಟೆಗಳಲ್ಲೇ ಯೋಚಿಸಿ ರೂಢಿ ಇರೋ ಹೊರಗಿನವರು ಈ ಅರ್ಧನ ಮರೆತುಬಿಡ್ತಾರೆ, ‘ನಿಮ್ಮ ರಾತ್ರಿ 9’ ಅಂತ ಮಾತಲ್ಲಿ ಹೇಳಿದ್ರೆ 8:30ನಾ 9:30ನಾ ಅಂತ ಬರವಣಿಗೆಯಲ್ಲಿ ಕೇಳ್ಲೇಬೇಕು.

ಆದ್ರೆ ಈ ಲೆಕ್ಕ ಬರೀ ಗುಮಾನಿ ಬಂದಾಗ ಹಿಡಿಯೋಕೆ. ನಂಬಬೇಕಾಗಿರೋದು ಊರಿನ ಹೆಸರನ್ನ. ಫೋನಿನ ಕ್ಲಾಕ್‌ನಲ್ಲಿ ವರ್ಲ್ಡ್ ಕ್ಲಾಕ್ ಅಂತ ಇರುತ್ತಲ್ಲ, ಅಲ್ಲಿ ನ್ಯೂಯಾರ್ಕ್ ಸೇರಿಸಿ ಇಟ್ಕೊಳ್ಳಿ, ಗೂಗಲ್ ಕ್ಯಾಲೆಂಡರ್ ಸೆಟ್ಟಿಂಗ್ಸ್‌ನಲ್ಲಿ ಎರಡನೇ ಟೈಮ್ ಝೋನ್ ತೋರಿಸೋ ಆಯ್ಕೆ ಇದೆ, ಅದನ್ನ ಆನ್ ಮಾಡಿ. ನಮ್ಮ ಕಂಪ್ಯೂಟರ್, ಫೋನ್‌ಗಳ ಒಳಗೆ ಟೈಮ್ ಝೋನ್ ಅನ್ನೋದು ಊರಿನ ಹೆಸರಲ್ಲೇ ಇರೋದು, ‘ಅಮೆರಿಕಾ/ನ್ಯೂಯಾರ್ಕ್’, ‘ಏಷ್ಯಾ/ಕೋಲ್ಕತ್ತಾ’ ಅಂತ, ಆ ಊರಿನ ಹೆಸರಿನ ಹಿಂದೆ ಅಲ್ಲಿ ಯಾವತ್ತು ಗಡಿಯಾರ ತಿರುಗಿಸ್ತಾರೆ ಅನ್ನೋ ನಿಯಮ ಪೂರ್ತಿ ಇರುತ್ತೆ. ಆ ಮೂರಕ್ಷರದಲ್ಲಿ ಅದು ಯಾವುದೂ ಇಲ್ಲ. ಸಾಲದ್ದಕ್ಕೆ ಒಂದೇ ಮೂರಕ್ಷರಕ್ಕೆ ಹತ್ತು ಅರ್ಥ, ಐಎಸ್‌ಟಿ ಅಂದ್ರೆ ನಮಗೆ ಭಾರತ, ಡಬ್ಲಿನ್‌ನವರಿಗೆ ಬೇಸಿಗೆಯಲ್ಲಿ ಐರ್ಲೆಂಡ್, ಟೆಲ್ ಅವೀವ್‌ನವರಿಗೆ ಇಸ್ರೇಲ್. ಸಿಎಸ್‌ಟಿ ಅಂದ್ರೆ ಶಿಕಾಗೋನೂ ಹೌದು, ಚೀನಾನೂ ಹೌದು. ಡಬ್ಲಿನ್ ಟೀಮಿನ ಒಬ್ಬರು ‘2 ಪಿಎಂ ಐಎಸ್‌ಟಿ’ ಅಂತ ಬರೆದ್ರೆ ನೀವು ಊಟ ಬಿಟ್ಟು ಕೂತಿರ್ತೀರಿ, ಅವರಿಗೆ ಇನ್ನೂ ಬೆಳಗ್ಗೆ ಆಗ್ತಿರುತ್ತೆ.

ಈ ಊರಿನ ಹೆಸರಿನ ಪಾಠ ನಾನು ಕಲಿತಿದ್ದು ಒಬ್ಬ ಹುಡುಗಿಗೆ ಅನ್ಯಾಯ ಮಾಡಿ. ಮೈಸೂರಿನ ಕ್ಯಾಂಡಿಡೇಟ್, ಇಂಟರ್‌ವ್ಯೂ ಮಾಡೋರು ಅರಿಝೋನಾದ ಫೀನಿಕ್ಸ್‌ನಲ್ಲಿ. ಜೂನ್ ತಿಂಗಳು. ಅವರು ಬೆಳಗ್ಗೆ 8 ಅಂದ್ರು, ನಾನು ಕ್ಯಾಲೆಂಡರ್‌ನಲ್ಲಿ ‘ಮೌಂಟೇನ್ ಟೈಮ್’ ಅಂತ ಆರಿಸಿ ಇನ್‌ವೈಟ್ ಕಳ್ಸಿದೆ. ಮೌಂಟೇನ್ ಟೈಮ್ ಅಂದ್ರೆ ಡೆನ್ವರ್, ಅವರು ಬೇಸಿಗೆಯಲ್ಲಿ ಗಡಿಯಾರ ಮುಂದೆ ತಳ್ತಾರೆ, ಅರಿಝೋನಾದಲ್ಲಿ ನವಾಹೋ ಜನರ ಪ್ರದೇಶ ಬಿಟ್ರೆ ತಳ್ಳೋದಿಲ್ಲ. ಆ ಹುಡುಗಿಗೆ ಇನ್‌ವೈಟ್ 7:30 ಅಂತ ಹೋಯ್ತು, ನಿಜವಾದ ಟೈಮ್ 8:30. ಅವಳು 8 ಗಂಟೆ ತನಕ ಖಾಲಿ ಸ್ಕ್ರೀನ್ ನೋಡ್ತಾ ಕೂತು, ಇವರಿಗೆ ನಾನು ಬೇಡ ಅನ್ಸುತ್ತೆ ಅಂದ್ಕೊಂಡು ಲ್ಯಾಪ್‌ಟಾಪ್ ಮುಚ್ಚಿಬಿಟ್ಟಿದ್ಲು. ಅವಳಿಗೆ ನಾನೇ ಫೋನ್ ಮಾಡಿ ತಪ್ಪು ನಂದು ಅಂತ ಹೇಳಿದಾಗ ಆ ಕಡೆಯಿಂದ ಬಂದ ಉಸಿರು ಇವತ್ತಿಗೂ ನೆನಪಿದೆ. ಆಮೇಲೆ ಇಂಟರ್‌ವ್ಯೂ ಮತ್ತೆ ಆಯ್ತು, ಆದ್ರೆ ಆ ಅರ್ಧ ಗಂಟೆ ಅವಳು ತನ್ನ ಬಗ್ಗೆ ಏನೇನು ಅಂದ್ಕೊಂಡಿದ್ಲೋ ಅದನ್ನ ನಾನು ವಾಪಸ್ ತಗೊಳ್ಳೋಕಾಗಲ್ಲ. ಅವತ್ತಿಂದ ನಾನು ಝೋನ್ ಹೆಸರು ಆರಿಸೋದು ಬಿಟ್ಟೆ, ಊರು ಆರಿಸ್ತೀನಿ.

19ನೇ ತಾರೀಕಿನ ಪ್ಯಾನೆಲ್‌ಗೆ ಬರೋಣ, ಇದು ನಿಜವಾಗ್ಲೂ ಕಷ್ಟದ ವಾರ. ಅಮೆರಿಕ 8ಕ್ಕೇ ಗಡಿಯಾರ ತಳ್ಳಾಯ್ತು, ಬ್ರಿಟನ್ ಮತ್ತೆ ಯುರೋಪ್ ತಳ್ಳೋದು ಮಾರ್ಚ್‌ನ ಕೊನೆ ಭಾನುವಾರ, ಅಂದ್ರೆ ಈ ಸಲ 29ಕ್ಕೆ. ನಡುವಿನ ಮೂರು ವಾರ ಲಂಡನ್‌ಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಮಾಮೂಲಿ 8 ಗಂಟೆ ಅಂತರ ಇರಲ್ಲ, 7 ಗಂಟೆ ಇರುತ್ತೆ, ಲಂಡನ್-ನ್ಯೂಯಾರ್ಕ್ 5ರ ಬದಲು 4. ಆ ಕಡೆಯವರೇ ಈ ವಾರಗಳಲ್ಲಿ ತಮ್ಮತಮ್ಮಲ್ಲೇ ಮೀಟಿಂಗ್ ತಪ್ಪಿಸ್ಕೊಳ್ತಾರೆ, ಹಾಗಾಗಿ ನೀವು ಕೇಳಿದ್ರೆ ಯಾರೂ ಹಗುರವಾಗಿ ತಗೊಳ್ಳಲ್ಲ. 19ಕ್ಕೆ ಮೂರೂ ಊರಿಗೆ ಹೊಂದೋ ಹೊತ್ತು ಒಂದೇ, ಸ್ಯಾನ್ ಫ್ರಾನ್ಸಿಸ್ಕೋ ಬೆಳಗ್ಗೆ 8ರಿಂದ 10, ಲಂಡನ್ ಮಧ್ಯಾಹ್ನ 3ರಿಂದ 5, ಶಿವಮೊಗ್ಗ ರಾತ್ರಿ 8:30ರಿಂದ 10:30. ಅಕಸ್ಮಾತ್ ಪ್ಯಾನೆಲ್ 29ರ ಆಚೆಗೆ ಹೋಯ್ತು ಅಂತಿಟ್ಕೊಳ್ಳಿ, ಆಗ ಟೈಮನ್ನ ಯಾವ ಊರಿಗೆ ಕಟ್ಟಿದಾರೆ ಅಂತ ನೋಡ್ಬೇಕು, ಲಂಡನ್ 3 ಗಂಟೆ ಅಂತಾನೇ ಉಳಿಸಿದ್ರೆ ನಿಮಗೆ 7:30 ಆಗುತ್ತೆ, ಸ್ಯಾನ್ ಫ್ರಾನ್ಸಿಸ್ಕೋ 8 ಅಂತ ಉಳಿಸಿದ್ರೆ ನಿಮಗೆ 8:30ನೇ ಇರುತ್ತೆ, ಲಂಡನ್‌ನವರಿಗೆ 4 ಆಗುತ್ತೆ. ಇದೇ ತೊಂದರೆ ಅಕ್ಟೋಬರ್ 25ರಿಂದ ನವೆಂಬರ್ 1ರ ತನಕ ಉಲ್ಟಾ ಬರುತ್ತೆ, ಅವಾಗ ಬ್ರಿಟನ್ ಮೊದಲು ಹಿಂದೆ ಬರುತ್ತೆ.

ಯುಗಾದಿ ದಿನ ಬೇಡ ಅನ್ಸಿದ್ರೆ ಬೇಡ ಅನ್ನಿ. ನಮ್ಮವರು ಇದನ್ನ ಹೇಳೋಕೆ ತುಂಬಾ ಹಿಂಜರೀತಾರೆ, ಹಬ್ಬ ಅಂದ್ರೆ ಕೆಲ್ಸದ ಮೇಲೆ ಆಸಕ್ತಿ ಇಲ್ಲ ಅಂದ್ಕೊಳ್ತಾರೇನೋ ಅಂತ. ನವೆಂಬರ್‌ನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ದಿನ ಅವರಿಗೆ ಇಂಟರ್‌ವ್ಯೂ ಇಡಿ ನೋಡೋಣ, ಯಾರೂ ಬರಲ್ಲ. ನಿಮ್ಮ ಕ್ಯಾಲೆಂಡರ್‌ನಲ್ಲಿ ಏನಿದೆ ಅಂತ ಅವರಿಗೆ ಗೊತ್ತಿಲ್ಲ ಅಷ್ಟೇ. ‘19 ನಮ್ಮ ಹೊಸ ವರ್ಷದ ಹಬ್ಬ, 18 ಅಥವಾ 20 ಆಗುತ್ತಾ’ ಅಂದ್ರೆ ಮುಗೀತು. ಇಲ್ಲ, ರಾತ್ರಿ 8:30 ಹೊತ್ತಿಗೆ ಹೋಳಿಗೆ ಊಟ ಎಲ್ಲಾ ಮುಗಿದಿರುತ್ತೆ ಪರವಾಗಿಲ್ಲ ಅಂತ ನಿಮಗೇ ಅನ್ಸಿದ್ರೆ ಅದೂ ಸರಿ, ಆದ್ರೆ ಮನೆ ತುಂಬಾ ನೆಂಟರಿರುವಾಗ ಒಂದು ಸದ್ದಿಲ್ಲದ ರೂಮ್ ಸಿಗುತ್ತಾ ಅಂತ ಮೊದಲೇ ನೋಡ್ಕೊಳ್ಳಿ.

ನೀವು ಕೇಳಿಲ್ಲ, ಆದ್ರೆ ಸ್ಯಾನ್ ಫ್ರಾನ್ಸಿಸ್ಕೋದವರ ಜೊತೆ ವ್ಯವಹಾರ ಇರೋದ್ರಿಂದ ಇದನ್ನ ಹೇಳ್ಲೇಬೇಕು. ನಡುರಾತ್ರಿಯ ವಾರ. ನಾವು ರಾತ್ರಿ 12:30ಕ್ಕೂ ‘ಗುರುವಾರ ರಾತ್ರಿ’ ಅಂತಾನೇ ಅಂತೀವಿ, ಪಂಚಾಂಗದಲ್ಲೂ ವಾರ ಬದಲಾಗೋದು ಸೂರ್ಯೋದಯಕ್ಕೆ, ಮನೇಲಿ ಅಜ್ಜಿಯಿಂದ ಹಿಡಿದು ಎಲ್ಲರೂ ಹಾಗೇ ಮಾತಾಡೋದು. ಕ್ಯಾಲೆಂಡರ್ ಇನ್‌ವೈಟ್‌ಗೆ ಅದು ಶುಕ್ರವಾರ 12:30 ಎಎಂ. ಹುಬ್ಬಳ್ಳಿಯ ಒಬ್ಬರು, ಹತ್ತು ವರ್ಷ ಅನುಭವ ಇದ್ದೋರು, ಇನ್‌ವೈಟ್‌ನಲ್ಲಿ ‘ಶುಕ್ರವಾರ 12:30 ಎಎಂ’ ನೋಡಿ ಶುಕ್ರವಾರ ಪೂರ್ತಿ ಓದ್ಕೊಂಡು ರಾತ್ರಿ ಸ್ನಾನ ಮಾಡಿ ಶರ್ಟ್ ಹಾಕ್ಕೊಂಡು ಕೂತ್ರು. ಸ್ಯಾನ್ ಫ್ರಾನ್ಸಿಸ್ಕೋದವರ ಗುರುವಾರ ಮಧ್ಯಾಹ್ನ 12 ಅದು, ಹಿಂದಿನ ರಾತ್ರಿಯೇ ಮುಗಿದಿತ್ತು. ಅದಕ್ಕೇ ರಾತ್ರಿ 12ರಿಂದ ಬೆಳಗ್ಗೆ 5ರ ತನಕದ ಯಾವುದೇ ಸ್ಲಾಟ್ ಬಂದ್ರೆ ನಾನು ಫೋನ್ ಮಾಡಿ ಬಾಯಲ್ಲೇ ಹೇಳ್ತೀನಿ, ‘ಗುರುವಾರ ರಾತ್ರಿ ಊಟ ಮಾಡಿ ಮಲಗೋ ಬದಲು ಕೂತಿರಿ’ ಅಂತ, ಹಾಗಂದ್ರೆ ಯಾರಿಗೂ ತಪ್ಪಲ್ಲ.

ಇನ್ನೂ ಒಳ್ಳೇದು, ಆ ಸ್ಲಾಟ್ ಒಪ್ಕೊಳ್ಳದೇ ಇರೋದು. ನಡುರಾತ್ರಿ 1 ಗಂಟೆಗೆ ಇಂಟರ್‌ವ್ಯೂ ಕೊಟ್ಟು ಯಾರೂ ತಮ್ಮ ನಿಜವಾದ ಶಕ್ತಿ ತೋರ್ಸೋಕಾಗಲ್ಲ, ಬೆಳಗ್ಗೆಯಿಂದ ಒಂದು ಆಫೀಸ್ ಕೆಲ್ಸ ಮಾಡಿ ಬಂದಿರ್ತೀರಿ, ಬೆಂಗಳೂರಿನ ಪಿಜಿಗಳಲ್ಲಿ ಇರೋರಿಗಂತೂ ಪಕ್ಕದ ಮಂಚದವರು ಮಲಗಿರುವಾಗ ಪಿಸುಗುಟ್ಟಿ ಸಿಸ್ಟಮ್ ಡಿಸೈನ್ ವಿವರಿಸೋ ಪರಿಸ್ಥಿತಿ. ‘ನನಗೆ ಬೆಳಗ್ಗೆ 7ರಿಂದ 9 ಅಥವಾ ಸಂಜೆ 6:30ರಿಂದ 10:30 ಆಗುತ್ತೆ, ಭಾರತದ ಸಮಯ’ ಅಂತ ಮೊದಲ ಮೇಲ್‌ನಲ್ಲೇ ಬರೆದುಬಿಡಿ. ಬೆಳಗ್ಗೆ 7 ಅನ್ನೋದು ಈಗ ಸ್ಯಾನ್ ಫ್ರಾನ್ಸಿಸ್ಕೋದವರಿಗೆ ಹಿಂದಿನ ದಿನದ ಸಂಜೆ 6:30, ಅಲ್ಲಿ ಮಕ್ಕಳಿಲ್ಲದ ಎಷ್ಟೋ ಎಂಜಿನಿಯರ್‌ಗಳು ಒಪ್ತಾರೆ. ಕೊನೇ ಹಂತದಲ್ಲಿ ನಾಲ್ಕೈದು ರೌಂಡ್ ಒಂದೇ ದಿನ ಇಡ್ತಾರೆ, ಅವರಿಗೆ ಅದು ಬೆಳಗ್ಗೆ 9ರಿಂದ ಮಧ್ಯಾಹ್ನ, ನಿಮಗೆ ರಾತ್ರಿ 9:30ರಿಂದ 2. ಅದನ್ನ ಎರಡು ದಿನಕ್ಕೆ ಒಡೆದು ಕೊಡಿ ಅಂತ ಕೇಳಿ, ಕೋಡಿಂಗ್ ರೌಂಡ್ ಮೊದಲು ಬರೋ ಹಾಗೆ ಕೇಳಿ, ಮಾತಿನ ರೌಂಡ್ ಕೊನೆಗೆ ಇರ್ಲಿ, ಸುಸ್ತಾದಾಗ ಮೊದಲು ಕೈ ಕೊಡೋದು ಲೆಕ್ಕ. ಹೀಗೆ ಕೇಳಿದ್ದಕ್ಕೆ ನಾನು ಯಾರ ಅರ್ಜಿಯನ್ನೂ ಬದಿಗಿಟ್ಟಿಲ್ಲ, ನನ್ನ ಜೊತೆ ಕೆಲ್ಸ ಮಾಡಿದೋರು ಇಟ್ಟಿದ್ದೂ ನೋಡಿಲ್ಲ.

ಇದನ್ನ ಓದ್ತಿರೋ ನನ್ನ ಹಾಗೇ ಶೆಡ್ಯೂಲ್ ಮಾಡೋರಿಗೂ ಒಂದು ಮಾತು. ಟೈಮ್ ಲೆಕ್ಕ ಹಾಕೋ ಕೆಲ್ಸ ಕರೆಯೋರದ್ದು, ಬರೋರದ್ದಲ್ಲ. ಕ್ಯಾಂಡಿಡೇಟ್ ಈಗ ಯಾವ ಊರಲ್ಲಿದಾರೆ ಅಂತ ಕೇಳಿ, +91 ನಂಬರ್ ಇಟ್ಕೊಂಡು ದುಬೈನಲ್ಲಿ, ಸಿಂಗಾಪುರದಲ್ಲಿ ಇರೋ ನಮ್ಮವರು ಎಷ್ಟೋ ಜನ ಇದಾರೆ. ಮೇಲ್‌ನಲ್ಲಿ ಅವರ ಊರಿನ ಟೈಮ್ ಮೊದಲು ಬರೀರಿ, ಬರೀ ಲಿಂಕ್ ಕಳಿಸದೇ ಕ್ಯಾಲೆಂಡರ್ ಇನ್‌ವೈಟ್ ಕಳ್ಸಿ, ಅವರ ಫೋನ್ ತಾನೇ ಬದಲಾಯಿಸಿ ತೋರಿಸುತ್ತೆ. ಯಾರಾದ್ರೂ ಬರ್ಲಿಲ್ಲ ಅಂದ್ರೆ ‘ನೋ ಶೋ’ ಅಂತ ಹಾಕೋ ಮುಂಚೆ ಒಂದು ಗಂಟೆ ಕಾದು ಮತ್ತೊಂದ್ಸಲ ರೂಮ್ ಒಳಗೆ ಇಣುಕಿ ನೋಡಿ. ಶಿವಮೊಗ್ಗದ ಈ ಕ್ಯಾಂಡಿಡೇಟ್ ಅಲ್ಲೇ ಕೂತಿದ್ರು.

ನಿಮಗೆ ಹೊಸ ಟೈಮ್ ಸಿಕ್ಕ ಮೇಲೆ ಒಂದು ಸಾಲು ವಾಪಸ್ ಬರೀರಿ, ‘ಸೋಮವಾರ ಮಾರ್ಚ್ 16, ನ್ಯೂಯಾರ್ಕ್ ಬೆಳಗ್ಗೆ 11, ಭಾರತ ರಾತ್ರಿ 8:30, ಸರಿ ತಾನೇ?’ ಅಂತ. ಅವರ ‘ಹೌದು’ ಬರೋ ತನಕ ಅದು ನಿಗದಿ ಆಗಿಲ್ಲ ಅಂತಾನೇ ತಿಳ್ಕೊಳ್ಳಿ. ಅವತ್ತು ಬೆಳಗ್ಗೆ ಎದ್ದು ಮತ್ತೊಮ್ಮೆ ವರ್ಲ್ಡ್ ಕ್ಲಾಕ್ ನೋಡಿ, ಕರೆಂಟ್ ಹೋದ್ರೆ ಅಂತ ಫೋನಿನ ಹಾಟ್‌ಸ್ಪಾಟ್ ಒಂದ್ಸಲ ಪರೀಕ್ಷೆ ಮಾಡಿ ಇಟ್ಕೊಳ್ಳಿ. ಕ್ಷಮೆ ಕೇಳೋ ಮೇಲ್ ಈಗಲೇ ಬರೆದು ಡ್ರಾಫ್ಟ್‌ನಲ್ಲಿ ಇಡಿ, ಇವತ್ತು ಸಂಜೆ 6:30ಕ್ಕೆ ಕಳ್ಸಿ, ನ್ಯೂಯಾರ್ಕ್‌ನಲ್ಲಿ ಆಗ ಬೆಳಗ್ಗೆ 9, ಅವರು ಕಂಪ್ಯೂಟರ್ ತೆಗೆದಾಗ ಮೇಲೆ ಕಾಣೋದು ನಿಮ್ಮದೇ ಆಗಿರುತ್ತೆ.